ಮೂರನೆಯ ತಿರುವಿನ ಹೊಳಪು

"ಯಾರೂ ಹಲಗೆ ಮುಟ್ಟಬೇಡಿ! ಮುಟ್ಟಿದೋರ ಕೈ ಮೊದಲು ಮೂಸಿ ನೋಡ್ತೀನಿ, ಮಾತೆಲ್ಲ ಆಮೇಲೆ."

ಹೀಗೆ ಗದರಿ ದೊಡ್ಡಮ್ಮ ಸ್ಪರ್ಧೆಯ ಹಲಗೆಯ ಮೇಲೆ ಬಾಗಿದರು. ಬಾಗಿದ್ದು ಎಷ್ಟೆಂದರೆ ಮೂಗು ಮೂರನೆಯ ತಿರುವಿಗೆ ತಾಗಿತು. ಸುತ್ತ ನೆರೆದ ಮಕ್ಕಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗಲಿ, ಅವರದು ನಗುವ ವಯಸ್ಸು. ಪೊಲೀಸ್ ಪತ್ತೇದಾರಿ ವಿಭಾಗದಲ್ಲಿ ತಲೆ ನರೆಯುವವರೆಗೆ ದುಡಿದು, ಮಂಡಿ ಕೈಕೊಟ್ಟ ಮೇಲೆ ಮನೆ ಸೇರಿದ ಹೆಂಗಸು ಆಕೆ. ಆ ಮೂಗನ್ನು ನೋಡಿ ನಕ್ಕ ಕಳ್ಳರೆಲ್ಲ ಕೊನೆಗೆ ಎಲ್ಲಿ ಕೂತು ಅತ್ತರೆಂದು ಇಲಾಖೆಯವರನ್ನು ಕೇಳಬೇಕು.

"ಏನು ವಾಸನೆ, ದೊಡ್ಡಮ್ಮಾ?" ಎಂದಳು ಎರಡು ಜಡೆಯ ಹುಡುಗಿ. ಹೊಳೆಯಾಚೆಯ ಊರಿನ ತಂಡದ ನಾಯಕಿ ಅವಳು. ಅತ್ತು ಅತ್ತು ಕಣ್ಣು ಊದಿತ್ತು, ಕುತೂಹಲ ಮಾತ್ರ ಹಾಗೇ ಇತ್ತು.

"ನಿಂಬೆಹಣ್ಣು, ಜೊತೆಗೆ ಮೇಣ. ಮೇಜು ಕುರ್ಚಿಗೆ ಹಚ್ಚೋ ಪಾಲಿಶ್ ಕಣೇ ಇದು. ಮರಕ್ಕೆ ಹಚ್ಚಿದ್ರೆ ಸರಿ. ನಿಮ್ಮ ದಾರಿಗೆ ಯಾಕೆ ಹಚ್ಚಿದ್ರು?"

ಹಲಗೆಯೆಂದರೆ ಎರಡು ಬಾಗಿಲುಗಳನ್ನು ಜೋಡಿಸಿ ಮಲಗಿಸಿದಷ್ಟು ದೊಡ್ಡದು. ಅದಕ್ಕೆ ಬಿಳಿ ಹಾಳೆ ಅಂಟಿಸಿ, ಹಾಳೆಯ ಮೇಲೆ ಹೆಬ್ಬೆರಳಿನಗಲದ ಕಪ್ಪು ಗೆರೆಯನ್ನು ಸುತ್ತುಬಳಸಿ ಎಳೆದಿದೆ. ಮಕ್ಕಳು ಕಟ್ಟಿದ ರೋಬೋಗಳು, ಊಟದ ಡಬ್ಬಿಯಷ್ಟು ಗಾತ್ರದವು, ಹೊಟ್ಟೆಯಡಿಯ ಪುಟ್ಟ ಕಣ್ಣಿನಿಂದ ಆ ಗೆರೆಯನ್ನು ನೋಡುತ್ತ ತಮ್ಮಷ್ಟಕ್ಕೆ ತಾವೇ ಸಾಗಬೇಕು. ಬೆಳಗಿನ ಸುತ್ತಿನಲ್ಲಿ ಹೊರಗಿನಿಂದ ಬಂದ ನಾಲ್ಕೂ ಊರುಗಳ ರೋಬೋಗಳು ಒಂದರ ಹಿಂದೊಂದು ಇದೇ ತಿರುವಿನಲ್ಲಿ ದಾರಿ ತಪ್ಪಿ ನೆಲಕ್ಕುರುಳಿದ್ದವು. ಆತಿಥೇಯ ಊರಿನ ರೋಬೋ ಮಾತ್ರ ಮಾವನ ಮನೆಗೆ ಹೊರಟ ಅಳಿಯನ ಠೀವಿಯಲ್ಲಿ ತಿರುವು ದಾಟಿ ಹೋಗಿತ್ತು.

ಅಷ್ಟೇ ಸಾಕಾಯಿತು. ಹೊಳೆಯಾಚೆಯ ಊರಿನ ಟೀಚರ್ "ಮೋಸ!" ಎಂದು ಕೂಗಿದ್ದೇ ತಡ, ಶಾಲೆಯ ಆ ದೊಡ್ಡ ಆಟದ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಹಿಂದೆ ಸರಿದು ದನಿಗಳೆಲ್ಲ ಮುಂದೆ ಬಂದವು.

ಸ್ಪರ್ಧೆಗೆ ನೆರವು ಕೊಡುವ ಸಮಿತಿಯ ಅಧ್ಯಕ್ಷೆ ಮೊದಲ ಸಾಲಿನಲ್ಲೇ ಕೂತಿದ್ದರು. ಕೂಗಾಡುವ ಹೆಂಗಸಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, "ಮಧ್ಯಾಹ್ನದ ಸುತ್ತಿಗೆ ಮೊದಲು ಏನು ನಡೀತು ಅಂತ ನನಗೆ ತಿಳೀಬೇಕು," ಎಂದಿದ್ದರು. "ಒಂದೂರಿನ ಸ್ಪರ್ಧೆ ಐದೂರಿಗೆ ಬೆಳೀಲಿ ಅಂತ ಕೈ ಹಿಡಿದೋರು ನಾವು. ಮಕ್ಕಳಿಗೆ ಬೇಕಂತಲೇ ಮೋಸ ಮಾಡಿದ್ದಾರೆ ಅಂತಾದ್ರೆ ಐದೂರೂ ಬೇಡ, ಒಂದೂರೂ ಬೇಡ. ಇಲ್ಲಿಗೇ ಬಾಗಿಲು ಹಾಕೋಣ."

ಆಗ ಮೇಷ್ಟ್ರ ಮುಖ ನೋಡಬೇಕಿತ್ತು. ನಿವೃತ್ತ ವಿಜ್ಞಾನ ಶಿಕ್ಷಕರು, ಈ ಸ್ಪರ್ಧೆಯನ್ನು ಶಾಲೆಯ ಜಗಲಿಯಲ್ಲಿ ಹುಟ್ಟುಹಾಕಿ ಎದೆಗವಚಿಕೊಂಡು ಸಾಕಿದವರು. ಗೋಡೆಗೆ ಒಂದು ಕೈ ಆನಿಸಿ ನಿಂತರು, ಅಷ್ಟೇ.

ದೊಡ್ಡಮ್ಮ ಮಂಡಿನೋವನ್ನು ಮರೆತು ಎದ್ದು ಬಂದದ್ದು ಆ ಮುಖ ನೋಡಿ.

ಅದಕ್ಕೊಂದು ಹಿನ್ನೆಲೆಯಿದೆ. ದೊಡ್ಡಮ್ಮನ ಗಂಡ ತೀರಿಕೊಂಡ ವರ್ಷ ಅವರ ಒಬ್ಬಳೇ ಮಗಳು ಮಾತು ಬಿಟ್ಟಿದ್ದಳು. ಶಾಲೆಗೆ ಹೊರಡು ಎಂದರೆ ಮಂಚದ ಕೆಳಗೆ ಸೇರುತ್ತಿದ್ದಳು. ಊರಿನ ಕಳ್ಳರನ್ನೆಲ್ಲ ಬಾಯಿಬಿಡಿಸುತ್ತಿದ್ದ ತಾಯಿಗೆ ಸ್ವಂತ ಮಗುವಿನ ಬಾಯಿ ಬಿಡಿಸುವುದಾಗಲಿಲ್ಲ. ಆಗ ಮೇಷ್ಟ್ರು ರಟ್ಟಿನ ಪೆಟ್ಟಿಗೆಯ ತುಂಬ ಮುರಿದ ಆಟಿಕೆ ತಂದು, ಮಂಚದ ಪಕ್ಕ ನೆಲದ ಮೇಲೆ ಕೂತು, ಯಾರನ್ನೂ ಮಾತಾಡಿಸದೆ ಒಂದೊಂದನ್ನೇ ಬಿಚ್ಚತೊಡಗಿದರು. ಮಾರನೆಯ ದಿನವೂ ಬಂದರು. ಅದರ ಮಾರನೆಯ ದಿನವೂ ಬಂದರು. ಕೊನೆಗೊಂದು ಸಂಜೆ ಮಂಚದ ಕೆಳಗಿನಿಂದ ಪುಟ್ಟ ಕೈಯೊಂದು ಹೊರಬಂದು, "ಆ ಸ್ಕ್ರೂ ಅಲ್ಲ, ಇದು," ಎಂದಿತು. ಕೈ ಎಲ್ಲಾದರೂ ಮಾತಾಡುತ್ತದೆಯೇ ಎಂದು ಕೇಳಬೇಡಿ. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನಿಗೆ ಹಾಗೇ ಕೇಳಿಸಿತು.

ಅದೇ ಮಗಳು ಈಗ ಎಂಜಿನಿಯರು, ಈ ಸ್ಪರ್ಧೆಯ ಮುಖ್ಯ ತೀರ್ಪುಗಾರ್ತಿ. ಇದು ಈ ಜನ್ಮದಲ್ಲಿ ತೀರುವ ಋಣವಲ್ಲ ಎಂದು ದೊಡ್ಡಮ್ಮ ಮೇಷ್ಟ್ರಿಗೆ ನೂರು ಸಲ ಹೇಳಿದ್ದಾರೆ. ಪ್ರತಿ ಸಲವೂ ಮನಸಾರೆ ಹೇಳಿದ್ದಾರೆ. ಮೇಷ್ಟ್ರು ಪ್ರತಿ ಸಲವೂ, "ಸುಮ್ನಿರಮ್ಮ, ಆ ಮಗು ನನಗೆ ಸ್ಕ್ರೂ ಯಾವುದು ಅಂತ ಕಲಿಸಿದ್ದು," ಎಂದು ನಕ್ಕಿದ್ದಾರೆ.

ದೊಡ್ಡಮ್ಮ ಕರವಸ್ತ್ರದ ತುದಿಯನ್ನು ತಿರುವಿನ ಮೇಲೆ ತಿಕ್ಕಿದರು. ಹಳದಿ ಜಿಡ್ಡು ಹತ್ತಿತು. ಕರವಸ್ತ್ರದ ಇನ್ನೊಂದು ತುದಿಯಿಂದ ಹಲಗೆಯ ಮೂಲೆಗಳನ್ನು ತಿಕ್ಕಿದರು. ಮೊದಲ ತಿರುವು, ಎರಡನೆಯ ತಿರುವು, ಮುಗಿಯುವ ಜಾಗ, ಎಲ್ಲ ಕಡೆ ತಿಕ್ಕಿದರು. ಬರೀ ಧೂಳು. ಪಾಲಿಶ್ ಬಿದ್ದದ್ದು ಒಂದೇ ಕಡೆ, ಅದೂ ಎತ್ತರದ ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಡೆ.

"ಇಲ್ಲಿ ಬಾರೇ," ಎಂದು ಎರಡು ಜಡೆಯವಳನ್ನು ಕರೆದರು. "ಗೆರೆ ಯಾವ ಬಣ್ಣ?"

"ಕಪ್ಪು."

"ಈಗ ಬಗ್ಗು. ನಿನ್ನ ರೋಬೋ ಎಷ್ಟೆತ್ತರ ಇದೆಯೋ ಅಷ್ಟಕ್ಕೆ ಕಣ್ಣಿಟ್ಟು ನೋಡು."

ಹುಡುಗಿ ಬಗ್ಗಿದಳು. "ಅಯ್ಯೋ! ಬೆಳ್ಳಗೆ ಹೊಳೀತಿದೆ!"

"ಹೂಂ. ನಿನ್ನ ರೋಬೋ ಕುಡಿದು ತೂರಾಡಿದ್ದಲ್ಲ. ಪಾಪ, ಅದಕ್ಕೆ ದಾರೀನೇ ಕಾಣಿಸ್ಲಿಲ್ಲ."

"ಹಾಗಾದ್ರೆ ನಾವು ಕಟ್ಟಿದ್ದು ತಪ್ಪಲ್ವಾ?"

"ಅಲ್ಲ."

ಹುಡುಗಿ ದೊಡ್ಡಮ್ಮನ ಸೊಂಟವನ್ನು ತಬ್ಬಿಕೊಂಡಳು. ಬೆಳಗಿನಿಂದ ಆ ಮಗು ಹೊತ್ತಿದ್ದ ಭಾರವೆಲ್ಲ ದೊಡ್ಡಮ್ಮನಿಗೆ ಆಗ ತಿಳಿಯಿತು. ತಲೆ ಸವರಿ, "ಹೋಗು, ಮುಖ ತೊಳ್ಕೊಂಡು ಬಾ," ಎಂದು ಕಳಿಸಿದರು.

ಸರಿ, ಹಚ್ಚಿದವರು ಯಾರು? ಸಭಾಂಗಣಕ್ಕೆ ನಿನ್ನೆ ಸಂಜೆ ಬೀಗ ಬಿದ್ದಿತ್ತು. ಬೀಗದ ಕೈ ಇದ್ದದ್ದು ಮೂವರ ಹತ್ತಿರ: ಮೇಷ್ಟ್ರು, ಆತಿಥೇಯ ತಂಡದ ಕೋಚ್, ಮುಖ್ಯ ತೀರ್ಪುಗಾರ್ತಿ. ದೊಡ್ಡಮ್ಮ ಬೆರಳು ಮಡಚಿದರು. ಮೇಷ್ಟ್ರು ತಾವೇ ಸಾಕಿದ ಕೂಸಿನ ಕಣ್ಣಿಗೆ ಮಣ್ಣೆರಚುವವರಲ್ಲ. ಒಂದು ಬೆರಳು ಹೋಯಿತು. ಮಗಳ ಬೆರಳನ್ನಂತೂ ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ತಾಯಂದಿರ ಲೆಕ್ಕವೇ ಹಾಗೆ, ಅದನ್ನು ಯಾವ ಇಲಾಖೆಯೂ ತಿದ್ದಲಾರದು. ಉಳಿದದ್ದು ಕೋಚ್.

ಕೋಚ್‌ನನ್ನು ಊರೆಲ್ಲ ಕರೆಯುವುದು ಗುಡುಗು ಎಂದೇ. ಕಿವಿಯಲ್ಲಿ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುವ ಕಂಠ. ಅವನು ಸಭಾಂಗಣದ ಪಕ್ಕದ ಆಟದ ಸಾಮಾನಿನ ಕೋಣೆಯಲ್ಲಿದ್ದ. ಬಲೆಯಲ್ಲಿ ತೂಗುಬಿಟ್ಟ ಚೆಂಡುಗಳ ಕೆಳಗೆ, ಸುತ್ತಿಟ್ಟ ಚಾಪೆಯೊಂದರ ಮೇಲೆ ಕೂತು, ತನ್ನ ತಂಡದ ರೋಬೋವನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದ.

"ಬನ್ನಿ, ಬನ್ನಿ!" ಎಂದು ಗುಡುಗಿದ. "ನನ್ನನ್ನೇ ಹಿಡೀತೀರಿ ಅಂತ ಗೊತ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

"ನಾನಿನ್ನೂ ಬಾಯೇ ಬಿಟ್ಟಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀರಿ?"

"ಹೆಗಲು ನನ್ನದು, ಮುಟ್ಕೋತೀನಿ!"

"ಕೈ ಕೊಡಿ."

"ಯಾಕೆ? ಭವಿಷ್ಯ ಹೇಳ್ತೀರಾ?"

ದೊಡ್ಡಮ್ಮ ಅವನ ಎರಡೂ ಅಂಗೈಗಳನ್ನು ಹಿಡಿದು ಮೂಸಿದರು. ಬೆಸುಗೆಯ ಹೊಗೆ, ಬೆವರು, ಬೆಳಿಗ್ಗೆ ತಿಂದ ಬಾಳೆಹಣ್ಣು. ನಿಂಬೆಯ ಸುಳಿವಿಲ್ಲ. ತೊಳೆದುಕೊಂಡಿರಲೂಬಹುದು.

"ನಿನ್ನೆ ಸಂಜೆ ಬೀಗ ಹಾಕಿದ್ದು ಯಾರು?"

"ನಾನೇ. ಎಳೆದು ನೋಡಿ ಹೋಗಿದ್ದೀನಿ."

"ಇವತ್ತು ಬೆಳಿಗ್ಗೆ ತೆಗೆದದ್ದು?"

"ನಾನಲ್ಲ. ನಾನು ಬರೋ ಹೊತ್ತಿಗೆ ಬಾಗಿಲು ತೆರೆದೇ ಇತ್ತು."

"ಒಳಗೆ ಯಾರಿದ್ರು?"

ಗುಡುಗಿನ ದನಿ ಮೊದಲ ಬಾರಿಗೆ ತಗ್ಗಿತು. "ಮೇಷ್ಟ್ರು ಇದ್ರು. ಹಲಗೆ ಹತ್ರ ನಿಂತಿದ್ರು. ನಮಸ್ಕಾರ ಅಂದೆ, ಕೇಳಿಸ್ಲಿಲ್ಲ ಅವರಿಗೆ. ನನ್ನ ನಮಸ್ಕಾರ ಕೇಳಿಸದೋರು ಈ ಊರಲ್ಲಿ ಯಾರಿದ್ದಾರೆ, ನೀವೇ ಹೇಳಿ."

ದೊಡ್ಡಮ್ಮ ಆ ಮಾತನ್ನು ಅಲ್ಲೇ ಅದುಮಿಟ್ಟು ಮುಂದಿನ ಪ್ರಶ್ನೆಗೆ ಹೋದರು.

"ನಾಲ್ಕೂರ ರೋಬೋ ಬಿದ್ದ ಕಡೆ ನಿಮ್ಮದೊಂದು ಯಾಕೆ ಬೀಳಲಿಲ್ಲ?"

"ಕಣ್ಣು ತೊಳೆದಿದ್ವಲ್ಲ!"

"ಏನು ತೊಳೆದಿದ್ರಿ?"

ಗುಡುಗು ಏನೂ ತಿಳಿಯದವರನ್ನು ನೋಡುವಂತೆ ಅವರನ್ನು ನೋಡಿದ. ಟವೆಲು ಬಿಚ್ಚಿ ರೋಬೋವನ್ನು ಮಗುಚಿ, ಹೊಟ್ಟೆಯಡಿಯ ಹೊಳೆಯುವ ಚುಕ್ಕೆಯನ್ನು ತೋರಿಸಿದ. "ಇದೇ ಕಣ್ಣು. ನಿನ್ನೆಯ ಬೆಳಕು ಇವತ್ತಿರಲ್ಲ, ಆ ಕೋಣೆ ಬೆಳಕು ಈ ಕೋಣೇಲಿರಲ್ಲ. ಅದಕ್ಕೇ ಪ್ರತಿ ಸುತ್ತಿಗೆ ಮೊದಲು ಇದನ್ನ ಕೈಯಲ್ಲಿ ಹಿಡಿದು, ದಾರಿ ಉದ್ದಕ್ಕೂ ಆ ಕಡೆ ಈ ಕಡೆ ಆಡಿಸ್ಬೇಕು. ಇವತ್ತು ಯಾವುದು ಬಿಳಿ, ಯಾವುದು ಕಪ್ಪು ಅಂತ ಹೊಸದಾಗಿ ಕಲ್ತುಕೊಳ್ಳುತ್ತೆ. ಹೊಳಪಿದ್ರೆ ಹೊಳಪೂ ಲೆಕ್ಕಕ್ಕೆ ಬರುತ್ತೆ. ನಮ್ಮ ಮಕ್ಕಳು ಇದಕ್ಕೊಂದು ಹಾಡು ಬೇರೆ ಕಟ್ಟಿದ್ದಾರೆ. ಮೇಷ್ಟ್ರು ಮೊದಲ ವರ್ಷವೇ ಕಲಿಸಿದ್ದು, ಮಲಗಿದಾಗ ಎಬ್ಬಿಸಿ ಕೇಳಿದ್ರೂ ಮಾಡಿ ತೋರಿಸ್ತಾರೆ."

"ಹೊರಗಿನ ಮಕ್ಕಳಿಗೆ ಇದನ್ನ ಯಾರು ಹೇಳಿದ್ರು?"

"ಹೇಳೋದೇನ್ರೀ ಇದರಲ್ಲಿ?"

"ನಿಯಮದಲ್ಲಿದೆಯಾ?"

"ಊಟಕ್ಕೆ ಮೊದಲು ಕೈ ತೊಳ್ಕೋ ಅಂತ ಯಾರಾದ್ರೂ ನಿಯಮ ಬರೀತಾರಾ? ಅದು..." ಗುಡುಗಿನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಬಲೆಯಲ್ಲಿದ್ದ ಚೆಂಡುಗಳ ಕಡೆ ನೋಡಿದ, ದೊಡ್ಡಮ್ಮನ ಕಡೆ ನೋಡಿದ. "ಅಯ್ಯೋ ದೇವರೇ. ಅವರಿಗೆ ಗೊತ್ತಿಲ್ವಾ?"

"ಯಾರೂ ಹೇಳದೆ ಹೇಗೆ ಗೊತ್ತಾಗುತ್ತೆ?"

"ನಾನೇನು ಆ ಊರುಗಳಿಗೆ ಹೋಗಿದ್ದೀನಾ? ಮೇಷ್ಟ್ರಿಗೂ ಪ್ರಯಾಣ ಆಗಲ್ಲ. ಆಯ್ಕೆ ಸುತ್ತು ನಡೆಸಿದ್ದೆಲ್ಲ ನಿಮ್ಮ ಮಗಳೇ." ಹೀಗೆಂದು ಗುಡುಗು ತಲೆಯ ಮೇಲೆ ಕೈ ಹೊತ್ತ. "ದೊಡ್ಡಮ್ಮಾ, ನನ್ನ ಬೈದ್ರೂ ಪರವಾಗಿಲ್ಲ, ಒಂದ್ಮಾತು ನಂಬಿ. ಅವು ಬೀಳ್ತಿದ್ದಾಗ ನನಗೆ ಒಳಗೊಳಗೇ ಖುಷಿಯಾಯ್ತು. ನಮ್ಮೂರೇ ಜಾಣರ ಊರು ಅಂದ್ಕೊಂಡೆ. ಛೇ, ಥೂ ನನ್ನ."

ಆ ಒಂದು "ಥೂ"ಗೆ ದೊಡ್ಡಮ್ಮ ಅವನ ಹೆಸರನ್ನು ಮನಸ್ಸಿನಿಂದ ಹೊಡೆದುಹಾಕಿದರು. ಕಳ್ಳ ಎಂದೂ ತನ್ನ ಖುಷಿಯನ್ನು ಒಪ್ಪಿಕೊಳ್ಳುವುದಿಲ್ಲ.

ಹೊರಗೆ ಬಂದು ಎರಡು ಜಡೆಯವಳನ್ನು ಕೇಳಿದರು. ಅವಳು ತಡಮಾಡದೆ ಹೇಳಿದಳು: "ನಾವು ನೋಡಿದ್ವಿ ದೊಡ್ಡಮ್ಮಾ. ಈ ಊರಿನವರು ರೋಬೋನ ಹಲಗೆ ಮೇಲೆಲ್ಲ ತೂಗಾಡಿಸ್ತಾ ಹಾಡ್ತಿದ್ರು. ಅದು ಅವರ ಊರಿನ ಶಾಸ್ತ್ರ ಅಂದ್ಕೊಂಡ್ವಿ. ನನಗೆ ನಗು ಬಂತು. ಬೇರೆಯವರ ಶಾಸ್ತ್ರ ನೋಡಿ ನಗಬಾರದು ಅಂತ ಟೀಚರ್ ಕಣ್ಣು ಬಿಟ್ರು. ಅದಕ್ಕೇ ನಾವೆಲ್ಲ ಮರ್ಯಾದೆಯಿಂದ ತಲೆ ತಗ್ಗಿಸಿ ನಿಂತ್ಕೊಂಡ್ವಿ."

"ನಿಮ್ಮ ರೋಬೋಗೆ ಬಿಳಿ ಕಪ್ಪು ಹೇಗೆ ಗೊತ್ತು?"

"ಊರಲ್ಲಿ ಅಭ್ಯಾಸದ ಹಲಗೆ ಮೇಲೆ ಒಂದು ಸಲ ಅಳೆದು ಹಾಕಿಟ್ಟಿದ್ವಿ. ಅಲ್ಲಿ ಚೆನ್ನಾಗೇ ಓಡ್ತಿತ್ತು."

ಮರ್ಯಾದೆಯಿಂದ ತಲೆ ತಗ್ಗಿಸಿ ನಿಂತರಂತೆ! ದೊಡ್ಡಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೂರಿನ ಸ್ಪರ್ಧೆಯನ್ನು ಐದೂರಿಗೆ ಬೆಳೆಸುವುದೆಂದರೆ ಹಲಗೆ ಕಳಿಸುವುದು, ಮೋಟರು ಕಳಿಸುವುದು, ನಿಯಮ ಕಳಿಸುವುದು ಎಂದು ಎಲ್ಲರೂ ತಿಳಿದಿದ್ದರು. ಎಲ್ಲವನ್ನೂ ಕಳಿಸಿದ್ದರು ಕೂಡ. ಜಗಲಿಯಲ್ಲಿ ಕೂತು ಕಲಿತ ರೂಢಿ ಮಾತ್ರ ಯಾವ ಪೆಟ್ಟಿಗೆಯಲ್ಲೂ ಹೋಗಿರಲಿಲ್ಲ. ರೂಢಿ ಇದ್ದವರಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ.

ಎಲ್ಲರನ್ನೂ ಹಲಗೆಯ ಸುತ್ತ ಸೇರಿಸಿ ದೊಡ್ಡಮ್ಮ ಇಷ್ಟನ್ನೂ ಬಿಡಿಸಿ ಹೇಳಿದರು. ಅಧ್ಯಕ್ಷೆ ತಾವೇ ಬಗ್ಗಿ ಹೊಳಪನ್ನು ನೋಡಿದರು. ಪಾಲಿಶನ್ನು ತಿಕ್ಕಿ ತೆಗೆದರೆ ಗೆರೆಯೇ ಕಿತ್ತು ಬರುತ್ತದೆ, ಬೇರೆ ಹಲಗೆ ಇಲ್ಲ. ಆದರೆ ಕಣ್ಣು ತೊಳೆದರೆ ಇದೇ ಹಲಗೆಯ ಮೇಲೆ ಎಲ್ಲರೂ ಓಡಬಹುದು.

ಗುಡುಗು ಮುಂದೆ ಬಂದ. ಮಾತಾಡುವ ಮೊದಲು ಗಂಟಲು ಸರಿಮಾಡಿಕೊಂಡ, ಅಷ್ಟಕ್ಕೇ ಹಿಂದಿನ ಸಾಲಿನ ಮಗುವೊಂದು ಬೆಚ್ಚಿಬಿತ್ತು.

"ಟೀಚರೇ, ತಪ್ಪು ನಮ್ಮದು. ಮನೆಗೆ ಕರೆದು ನೀರು ಕೊಡೋದು ಮರೆತಂಗಾಯ್ತು. ಬೆಳಗಿನ ನಮ್ಮ ಅಂಕ ಬೇಡ. ಎಲ್ಲರೂ ಮೊದಲಿಂದ ಓಡೋಣ. ಏಯ್ ಮಕ್ಕಳಾ, ಒಬ್ಬೊಬ್ಬರು ಒಂದೊಂದು ಊರು ಹಿಡ್ಕೊಳ್ಳಿ! ಹಾಡು ಸಮೇತ ಕಲಿಸ್ಬೇಕು!"

ಹೊಳೆಯಾಚೆಯ ಟೀಚರ್ ಕೆಂಪಾದರು. "ಮೋಸ ಅಂತ ಬಾಯಿಗೆ ಬಂದಂಗೆ ಅಂದುಬಿಟ್ಟೆ. ಕ್ಷಮಿಸಿ. ಗೆದ್ದ ಅಂಕ ಬಿಟ್ಟುಕೊಡೋರನ್ನ ನಾನು ಇಷ್ಟು ವರ್ಷದ ನೌಕರೀಲಿ ನೋಡಿಲ್ಲ," ಎಂದು ಕೈ ಮುಗಿದರು. ಗುಡುಗು ತಾನೂ ಕೈ ಮುಗಿದ. ಇಬ್ಬರೂ ಹಾಗೇ ನಿಂತುಬಿಟ್ಟರು, ಮೊದಲು ಕೈ ಇಳಿಸುವವರು ಯಾರೆಂದು ತಿಳಿಯದೆ.

ಮಕ್ಕಳಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಆಗಲೇ ನಾಲ್ಕೂ ಊರಿನ ಮೇಜುಗಳ ಬಳಿ ಗುಂಪು ಕಟ್ಟಿ, ತಂತಿ ಬಿಚ್ಚಿ, ಗುಂಡಿ ಒತ್ತಿ, ಹಾಡು ಶುರುವಾಗಿತ್ತು. ಒಬ್ಬರ ಬ್ಯಾಟರಿ ಇನ್ನೊಬ್ಬರ ರೋಬೋದೊಳಗೆ ಹೋಯಿತು. ಯಾರದ್ದೋ ತಿಂಡಿ ಯಾರದ್ದೋ ಬಾಯಿಗೆ ಹೋಯಿತು. ದೊಡ್ಡಮ್ಮ ಅದನ್ನು ನೋಡುತ್ತ ನಿಂತರು. ಮೇಷ್ಟ್ರು ಜಗಲಿಯಲ್ಲಿ ಹಚ್ಚಿದ ದೀಪ ಇದೇ ಅಲ್ಲವೇ ಎನಿಸಿ ಕಣ್ಣು ತುಂಬಿ ಬಂತು. ಇಂಥ ಮನುಷ್ಯನ ಕಾಲದಲ್ಲಿ, ಇಂಥ ಮನುಷ್ಯನ ಊರಿನಲ್ಲಿ ತಮ್ಮ ಮಗು ಬೆಳೆಯಿತಲ್ಲ, ಎಷ್ಟು ಪುಣ್ಯ ಮಾಡಿರಬೇಕು!

"ಎಲ್ಲ ಸರಿ," ಎಂದರು ಅಧ್ಯಕ್ಷೆ. ಮೆಲ್ಲನೆ ಹೇಳಿದರೂ ದೊಡ್ಡವರೆಲ್ಲ ಅತ್ತ ತಿರುಗಿದರು. "ಕಣ್ಣು ತೊಳೆಯದೇ ಇದ್ದದ್ದು ಮರೆವು. ಒಪ್ಪಿದೆ. ಆದ್ರೆ ಪಾಲಿಶ್ ತಾನಾಗಿ ನಡ್ಕೊಂಡು ಬರಲ್ಲ. ಹಚ್ಚಿದ್ದು ಯಾರು?"

"ನಾನೇ."

ಮೇಷ್ಟ್ರು. ಗೋಡೆಯ ಆಸರೆ ಬಿಟ್ಟು ನೆಟ್ಟಗೆ ನಿಂತಿದ್ದರು.

"ಹೊರಗಿನ ಮಕ್ಕಳು ಮೊದಲ ಸಲ ಬರ್ತಿದ್ದಾರೆ, ಹಲಗೆ ಹೊಸದರ ಹಾಗೆ ಕಾಣ್ಲಿ ಅಂತ ಬೆಳಿಗ್ಗೆ ಬಂದು ಪಾಲಿಶ್ ಹಾಕಿ ಪೂರ್ತಿ ಒರೆಸಿದೆ. ಇಂಥಾ ಅನಾಹುತ ಆಗುತ್ತೆ ಅಂತ ಹೊಳೀಲಿಲ್ಲ. ಮುದುಕನ ಬುದ್ಧಿ. ಎಲ್ಲರೂ ಕ್ಷಮಿಸ್ಬೇಕು."

ಸಭಾಂಗಣವೆಲ್ಲ ನಿಟ್ಟುಸಿರು ಬಿಟ್ಟಿತು. ಟೀಚರ್ ನಕ್ಕರು. ಅಧ್ಯಕ್ಷೆಯೂ ನಕ್ಕರು. ಎದ್ದು ಬಂದು ಮೇಷ್ಟ್ರ ಕೈ ಹಿಡಿದುಕೊಂಡು, "ಅತಿಥಿಗಳಿಗೆ ಮನೆ ಒರೆಸಿಡೋದು ಅಪರಾಧ ಅಲ್ಲ ಮೇಷ್ಟ್ರೇ," ಎಂದರು. "ಐದೂರಿನ ಸ್ಪರ್ಧೆ ಮುಂದುವರೀಲಿ. ಬರೋ ವರ್ಷ ಹತ್ತೂರಾಗ್ಲಿ. ನಿಮ್ಮಿಂದ ಈ ಮಕ್ಕಳಿಗೆ ಆದ ಉಪಕಾರ ನಾವ್ಯಾರೂ ಮರೆಯಲ್ಲ."

ಚಪ್ಪಾಳೆ ಬಿತ್ತು. ದೊಡ್ಡಮ್ಮನೂ ಎರಡು ಸಲ ತಟ್ಟಿದರು. ಮೂರನೆಯ ಸಲಕ್ಕೆ ಕೈ ನಿಂತಿತು.

ಪೂರ್ತಿ ಒರೆಸಿದೆ ಎಂದರಲ್ಲ ಮೇಷ್ಟ್ರು? ಕರವಸ್ತ್ರ ಇನ್ನೂ ಸೊಂಟದಲ್ಲೇ ಇತ್ತು. ಒಂದು ತುದಿಯಲ್ಲಿ ಜಿಡ್ಡು, ಉಳಿದ ಕಡೆಯೆಲ್ಲ ಧೂಳು.

ಎಲ್ಲರೂ ಹಲಗೆಯತ್ತ ತಿರುಗಿದಾಗ ದೊಡ್ಡಮ್ಮ ಮೇಷ್ಟ್ರ ಪಕ್ಕ ಹೋಗಿ ನಿಂತರು. "ಮೇಷ್ಟ್ರೇ, ಪಾಲಿಶ್ ಇರೋದು ಒಂದೇ ತಿರುವಲ್ಲಿ."

ಮೇಷ್ಟ್ರು ಅವರ ಕಡೆ ನೋಡಲಿಲ್ಲ. "ನೋಡಮ್ಮ, ನನಗೆ ಋಣಿ ಅಂತ ಯಾವಾಗ್ಲೂ ಹೇಳ್ತಿರ್ತೀಯ."

"ಸಾಯೋವರೆಗೂ ಹೇಳ್ತೀನಿ."

"ನಾನು ಯಾವತ್ತೂ ಏನೂ ಕೇಳಿಲ್ಲ. ಇವತ್ತು ಕೇಳ್ತೀನಿ. ಇದನ್ನ ಇಲ್ಲಿಗೇ ಬಿಟ್ಟುಬಿಡು. ಯಾರನ್ನೂ ಏನೂ ಕೇಳಬೇಡ."

ಅವರ ದನಿ ನಡುಗುತ್ತಿತ್ತು. ಹೆದರಿದವರ ನಡುಕವಲ್ಲ ಅದು, ಬೇಡುವವರದು. ಕೊಡುವುದೇ ಅಭ್ಯಾಸವಾದ ಆ ಮನುಷ್ಯ ಕೈಯೊಡ್ಡಿದ್ದನ್ನು ದೊಡ್ಡಮ್ಮ ನೋಡಿದ್ದೇ ಇದು ಮೊದಲು. ಮೇಷ್ಟ್ರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದರು. ಹಿಡಿದ ಮೇಲೆ, ಎಷ್ಟೆಂದರೂ ಹಳೆಯ ಚಾಳಿ, ಬಗ್ಗಿ ಮೂಸಿದರು.

ಸೀಮೆಸುಣ್ಣದ ವಾಸನೆ. ಮತ್ತೇನೂ ಇಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ಸುತ್ತು ಶುರುವಾಯಿತು. ಹೊಳೆಯಾಚೆಯ ಊರಿನ ರೋಬೋವನ್ನೇ ಮೊದಲು ಬಿಟ್ಟರು. ಎರಡು ಜಡೆಯವಳು ಹಾಡು ಮುಗಿಸಿ ಅದನ್ನು ಗೆರೆಯ ಮೇಲಿಟ್ಟು ಕೈ ತೆಗೆದಳು. ಒಂದನೆಯ ತಿರುವು ದಾಟಿತು. ಎರಡನೆಯದೂ ದಾಟಿತು. ಮೂರನೆಯದರ ಹತ್ತಿರ ಬಂದಾಗ ಯಾರೂ ಉಸಿರಾಡಲಿಲ್ಲ, ಗುಡುಗು ಸಹ. ರೋಬೋ ಹೊಳಪಿನ ಮೇಲೆ ಒಂದು ಗಳಿಗೆ ಅನುಮಾನಿಸಿತು, ಮೂತಿ ತಿರುಗಿಸಿತು, ಗೆರೆಯನ್ನು ಹಿಡಿದು ಮುಂದೆ ಹೋಯಿತು. ಐದೂರಿನ ಮಕ್ಕಳೂ ಒಂದೇ ಬಾಯಲ್ಲಿ ಕೂಗಿದರು. ಯಾರ ಊರು ಯಾವುದೆಂದು ಆ ಕೂಗಿನಲ್ಲಿ ತಿಳಿಯುವಂತಿರಲಿಲ್ಲ.

ದೊಡ್ಡಮ್ಮ ಮಾತ್ರ ಕೂಗಲಿಲ್ಲ. ಅವರ ತಲೆ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ನಿಲ್ಲೆಂದರೂ ನಿಲ್ಲಲಿಲ್ಲ. ಅಂದಾಜಿಗೆ ಹಚ್ಚಿದ ಪಾಲಿಶ್ ಅಲ್ಲ ಅದು. ಯಾವ ತಿರುವಿಗೆ ಬಿಸಿಲು ಬೀಳುತ್ತದೆಂದು ಗೊತ್ತಿದ್ದವರು ಹಚ್ಚಿದ್ದು. ಅದಕ್ಕಿಂತ ಹೆಚ್ಚಾಗಿ, ಹೊರಗಿನ ಮಕ್ಕಳು ಕಣ್ಣು ತೊಳೆಯುವುದಿಲ್ಲ ಎಂದು ಗೊತ್ತಿದ್ದವರು ಹಚ್ಚಿದ್ದು. ಗುಡುಗಿಗೆ ಅದು ಗೊತ್ತೇ ಇರಲಿಲ್ಲ. ಮೇಷ್ಟ್ರು ಊರು ಬಿಟ್ಟು ಕದಲಿದವರಲ್ಲ. ಐದೂರಿನ ಆಯ್ಕೆ ಸುತ್ತನ್ನೂ ಕಣ್ಣಾರೆ ನೋಡಿದವರು ಒಬ್ಬರೇ.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ತಲೆಯೆತ್ತಿದಾಗ ಮಗಳು ಎದುರಿಗೇ ಇದ್ದಳು. ತೀರ್ಪುಗಾರರ ಬಾವುಟ ಕೈಯಲ್ಲಿರಲಿಲ್ಲ, ಯಾರಿಗೋ ಕೊಟ್ಟು ಬಂದಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಸುತ್ತಲಿನ ಗದ್ದಲದಲ್ಲಿ ಅವಳ ಮಾತು ತಾಯಿಗೆ ಮತ್ತು ಮೇಷ್ಟ್ರಿಗೆ ಬಿಟ್ಟು ಮತ್ತಾರಿಗೂ ಕೇಳಿಸುವಂತಿರಲಿಲ್ಲ.

"ಅಮ್ಮಾ, ಮೇಷ್ಟ್ರು ಹೇಳಿದ್ದು ಸುಳ್ಳು. ಹಚ್ಚಿದ್ದು ನಾನು."

"ಬೇಡ ಮಗೂ," ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ, ಬೆಳಿಗ್ಗೆ ನನ್ನನ್ನ ಇಲ್ಲಿ ಕಂಡೂ ಬಾಯಿಬಿಡಲಿಲ್ಲ, ನೀವು ನನಗೋಸ್ಕರ ಇನ್ನೆಷ್ಟು ಹೊರ್ತೀರಿ?" ಅವಳು ತಾಯಿಯನ್ನೇ ನೋಡುತ್ತಿದ್ದಳು. "ಆ ಮಕ್ಕಳನ್ನ ಬೀಳಿಸಬೇಕು ಅಂತಲೇ ಹಚ್ಚಿದೆ ಅಮ್ಮಾ. ಇವತ್ತೇ, ಈ ಊರಲ್ಲೇ, ಎಲ್ಲರ ಎದುರಿಗೇ ಅವರು ಬೀಳಬೇಕಿತ್ತು. ಅದಕ್ಕೆ ಕಾರಣ ಇದೆ, ಆಯ್ಕೆ ಸುತ್ತಿಗೆ ಹೋದಾಗ ಕಣ್ಣಿಗೆ ಬಿದ್ದದ್ದು. ಆ ಕಾರಣ ಬಾಯಿಬಿಟ್ಟು ಹೇಳಿದ್ರೆ ಸಂಜೆಯೊಳಗೆ ಈ ಸ್ಪರ್ಧೆ ಇರಲ್ಲ. ಹೇಳದಿದ್ರೆ ಬರೋ ವರ್ಷ ಹತ್ತೂರಿನ ಮಕ್ಕಳು ಇಲ್ಲಿಗೆ ಬರ್ತಾರೆ, ಮತ್ತೆ ಅವರಿಗೆ ಏನಾಗುತ್ತೋ ನನಗೆ ಗೊತ್ತಿಲ್ಲ."

ಹಲಗೆಯ ಬಳಿ ಎರಡನೆಯ ಊರಿನ ಹಾಡು ಆರಂಭವಾಯಿತು. ಅಧ್ಯಕ್ಷೆ ಮಕ್ಕಳ ಜೊತೆ ತಾಳ ಹಾಕುತ್ತಿದ್ದರು. ಮೇಷ್ಟ್ರು ಕಣ್ಣಿನಲ್ಲೇ ದೊಡ್ಡಮ್ಮನನ್ನು ಬೇಡುತ್ತಿದ್ದರು.

"ನೀನು ಕೇಳಿದ್ರೆ ಹೇಳ್ತೀನಿ," ಎಂದಳು ಮಗಳು. "ನಿನಗೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ. ಕೇಳ್ತೀಯಾ ಅಮ್ಮಾ?"

ದೊಡ್ಡಮ್ಮ ಮೇಷ್ಟ್ರ ಕೈಯನ್ನು ಬಿಟ್ಟು ಮಗಳ ಕೈಯನ್ನು ಹಿಡಿದುಕೊಂಡರು, ಕೇಳಲೆಂದೇ ಬಾಯಿ ತೆರೆದರು.